ಮಳೆ ಬಿಟ್ಟಿತು, ಬಸ್ಸು ಬಿಟ್ಟಿತು: ಇಂಗ್ಲಿಷಿನ ಜೋಡಿ ಕ್ರಿಯಾಪದಗಳು

ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಕಳಸಕ್ಕೆ ಹೋಗಿದ್ದಾಗ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದ ಹುಡುಗಿಯೊಬ್ಬಳು ಜೀವಶಾಸ್ತ್ರದ ಪುಸ್ತಕ ತೆರೆದು ಒಂದು ವಾಕ್ಯದ ಮೇಲೆ ಬೆರಳಿಟ್ಟಳು. ಬೆಳಕಿರುವಾಗ ಹಸಿರೆಲೆಗಳು ಇಂಗಾಲದ ಡೈಆಕ್ಸೈಡನ್ನು 'ಟೇಕ್ ಇನ್' ಮಾಡಿ ಆಮ್ಲಜನಕವನ್ನು 'ಗಿವ್ ಆಫ್' ಮಾಡುತ್ತವೆ ಎಂಬರ್ಥದ ಇಂಗ್ಲಿಷ್ ವಾಕ್ಯ ಅದು. "ಸಾರ್, ಗಿವ್ ಅಂದ್ರೆ ಕೊಡು. ಆಫ್ ಅಂದ್ರೆ ಬಂದ್ ಮಾಡು, ಲೈಟ್ ಆಫ್ ಮಾಡ್ತೀವಲ್ಲ ಹಾಗೆ. ಹಾಗಾದ್ರೆ ಗಿಡ ಆಮ್ಲಜನಕ ಕೊಡೋದನ್ನ ನಿಲ್ಲಿಸುತ್ತೆ ಅಂತಲಾ?" ಎಂದು ಕೇಳಿದಳು.

ಹಿಂದೆ ಕುಳಿತಿದ್ದ ಒಂದಿಬ್ಬರು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಆಕೆಗೆ ದ್ಯುತಿಸಂಶ್ಲೇಷಣೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಕಿರುಪರೀಕ್ಷೆಯಲ್ಲಿ ಸರಿಯಾದ ಹೇಳಿಕೆಯ ಮುಂದೆ 'ತಪ್ಪು' ಎಂದು ಬರೆದು ಅಂಕ ಕಳೆದುಕೊಂಡಿದ್ದಳು. ವಿಜ್ಞಾನ ನನ್ನ ತಲೆಗೆ ಹತ್ತುವುದಿಲ್ಲ, ಕಲಾ ವಿಭಾಗಕ್ಕೆ ಹೋಗಿಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿಯೂ ಆಗಿತ್ತಂತೆ. ಆಕೆಗೆ ಹತ್ತದೆ ಹೋದದ್ದು ವಿಜ್ಞಾನವಲ್ಲ. ಎರಡಕ್ಷರದ, ಮೂರಕ್ಷರದ ಕೆಲವು ಇಂಗ್ಲಿಷ್ ಪದಗಳು. ನಾನೂ ಕನ್ನಡ ಮಾಧ್ಯಮದಿಂದ ಹೋಗಿ ವಿಜ್ಞಾನ ಪದವಿ ಪಡೆದವನು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ 'ಸೆಟ್ ಅಪ್', 'ಕ್ಯಾರಿ ಔಟ್', 'ಬಾಯ್ಲ್ ಆಫ್' ಎಂಬ ಸೂಚನೆಗಳನ್ನು ಓದಿ ಪಕ್ಕದವನು ಏನು ಮಾಡುತ್ತಾನೆಂದು ಕದ್ದು ನೋಡಿ ಕಲಿತದ್ದು ಈಗಲೂ ನೆನಪಿದೆ.

ಇಂತಹ ಪದಗಳನ್ನು ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ಜೋಡಿ ಕ್ರಿಯಾಪದ ಎಂದು ಕರೆಯೋಣ. ಒಂದು ಸಾಮಾನ್ಯ ಕ್ರಿಯಾಪದ, ಅದರ ಬೆನ್ನಿಗೆ ಅಪ್, ಔಟ್, ಆಫ್, ಇನ್, ಡೌನ್ ಮುಂತಾದ ಒಂದು ಪುಟ್ಟ ಪದ. ಎರಡರ ಅರ್ಥವನ್ನೂ ಬೇರೆ ಬೇರೆಯಾಗಿ ಬಲ್ಲವನಿಗೂ ಜೋಡಿಯ ಅರ್ಥ ತಿಳಿಯದೆ ಹೋಗಬಹುದು. ಇದು ನಮ್ಮೊಬ್ಬರ ಕಷ್ಟವೇನಲ್ಲ. 1755ರಲ್ಲಿ ತಮ್ಮ ಪ್ರಸಿದ್ಧ ನಿಘಂಟನ್ನು ಹೊರತಂದ ಸ್ಯಾಮುಯೆಲ್ ಜಾನ್ಸನ್, ಪರದೇಶದವರಿಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ತೊಡಕುಂಟುಮಾಡುವುದು ಇದೇ ಎಂದು ಅದರ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾರೆ. ಫ್ರೇಸಲ್ ವರ್ಬ್ ಎಂಬ ಹೆಸರನ್ನು ಬಳಕೆಗೆ ತಂದವರು ಲೋಗನ್ ಪಿಯರ್ಸಲ್ ಸ್ಮಿತ್. 1925ರ ತಮ್ಮ ಪುಸ್ತಕದಲ್ಲಿ, ಈ ಹೆಸರನ್ನು ಸೂಚಿಸಿದವರು ನಿಘಂಟುಕಾರ ಹೆನ್ರಿ ಬ್ರಾಡ್ಲಿ ಎಂದು ಅವರು ಹೇಳಿದ್ದಾರೆ. ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದೂ 1925ರಲ್ಲೇ. ಇವೆರಡಕ್ಕೂ ಸಂಬಂಧವೇನೂ ಇಲ್ಲ. ಇಸವಿ ನೆನಪಿಡಲು ಕಾಫಿ ಸೀಮೆಯವರಿಗೆ ಒಂದು ಅನುಕೂಲ, ಅಷ್ಟೆ.

ಇಂಗ್ಲಿಷಿಗೆ ಹೋಗುವ ಮೊದಲು ನಮ್ಮ ಮನೆಯ ಅಂಗಳದಲ್ಲೇ ಸ್ವಲ್ಪ ನಿಲ್ಲೋಣ. ಇಂಗ್ಲೆಂಡಿನ ಹುಡುಗನೊಬ್ಬ ಕನ್ನಡ ಕಲಿಯಲು ಮೂಡಿಗೆರೆಗೆ ಬಂದಿದ್ದಾನೆ ಎಂದುಕೊಳ್ಳಿ. 'ಬಿಡು' ಎಂಬ ಪದವನ್ನು ಕಲಿತು, ಹಿಡಿದದ್ದನ್ನು ಸಡಿಲಿಸುವುದು ಎಂದು ಅರ್ಥ ಬರೆದುಕೊಂಡಿದ್ದಾನೆ. ಬೀದಿಗೆ ಬಂದರೆ ಅವನ ಕಿವಿಗೆ ಬೀಳುವುದೇನು? ಮಳೆ ಬಿಟ್ಟಿತು. ಬಸ್ಸು ಬಿಟ್ಟಿತು. ಕಾಫಿ ಹೂ ಬಿಟ್ಟಿತು. ಹೊಸ ಬಟ್ಟೆ ಬಣ್ಣ ಬಿಟ್ಟಿತು. ಕಳ್ಳ ಕೊನೆಗೂ ಬಾಯಿಬಿಟ್ಟ. ವೈದ್ಯರು ಕೈಬಿಟ್ಟರು. ತಮ್ಮ ಜಮೀನು ಬಿಟ್ಟುಕೊಟ್ಟ. ಹುಡುಗ ಶಾಲೆ ಬಿಟ್ಟ. ಈ ಕೊನೆಯದಂತೂ ಸಂಜೆ ನಾಲ್ಕೂವರೆಗೆ 'ಶಾಲೆ ಬಿಟ್ಟಿತು' ಎಂದಾದರೆ ಸಂತೋಷದ ಸುದ್ದಿ, 'ಹುಡುಗ ಶಾಲೆ ಬಿಟ್ಟ' ಎಂದಾದರೆ ಮನೆಯವರಿಗೆ ಚಿಂತೆ. ನಾವು ಯಾರೂ ಇದನ್ನು ಪಟ್ಟಿ ಮಾಡಿ ಬಾಯಿಪಾಠ ಹಾಕಿದವರಲ್ಲ. ಬಿಟ್ಟದ್ದು ಯಾರು, ಬಿಟ್ಟದ್ದು ಏನನ್ನು ಎಂದು ನೋಡುತ್ತಲೇ ಅರ್ಥ ಹೊಳೆಯುತ್ತದೆ.

ನಮ್ಮಲ್ಲಿ ಕ್ರಿಯಾಪದದ ಬೆನ್ನಿಗೆ ಇನ್ನೊಂದು ಕ್ರಿಯಾಪದ ಅಂಟಿಕೊಳ್ಳುವ ಪದ್ಧತಿಯೂ ಇದೆ. 'ತಿಂದ' ಎಂದರೆ ಬರೀ ತಿಂದ. 'ತಿಂದುಬಿಟ್ಟ' ಎಂದರೆ ಪೂರ್ತಿ ಮುಗಿಸಿದ. 'ತಿಂದುಹಾಕಿತು' ಎಂದರೆ ದನವೋ ಕಾಡುಹಂದಿಯೋ ನುಗ್ಗಿ ಹಾಳುಮಾಡಿತು. 'ತಿಂದುನೋಡಿದ' ಎಂದರೆ ರುಚಿ ನೋಡಿದ. ಬಿಡು, ಹಾಕು, ನೋಡು, ಕೊಳ್ಳು, ಹೋಗು ಇಲ್ಲಿ ತಮ್ಮ ಮೂಲ ಕೆಲಸ ಬಿಟ್ಟು ಮುಂದಿನ ಪದಕ್ಕೆ ಬಣ್ಣ ಕೊಡುವ ಕೆಲಸಕ್ಕೆ ನಿಂತಿವೆ. ಇಂಗ್ಲಿಷಿನ ಅಪ್, ಆಫ್, ಔಟ್‌ಗಳು ಮಾಡುವುದೂ ಬಹುಮಟ್ಟಿಗೆ ಇದನ್ನೇ. 'ಈಟ್ ಅಪ್' ಎಂದರೆ ಮೇಲಕ್ಕೆ ತಿನ್ನುವುದಲ್ಲ, ತಿಂದು ಮುಗಿಸುವುದು. 'ಯೂಸ್ ಅಪ್', 'ಬರ್ನ್ ಅಪ್'ಗಳಲ್ಲೂ ಆ 'ಅಪ್' ನಮ್ಮ 'ಬಿಡು'ವಿನ ನೆಂಟನೇ. ಹಾಗೆಂದು ಎಲ್ಲ 'ಅಪ್'ಗಳೂ ಹೀಗೆ ಎಂದು ನಂಬಿ ಕೂರಬೇಡಿ. 'ಟರ್ನ್ ಅಪ್' ಎಂದರೆ ಬಂದು ಹಾಜರಾಗುವುದು. ಅಲ್ಲಿ ಮುಗಿಸುವ ಮಾತೇ ಇಲ್ಲ.

ಈಗ ಹುಡುಗಿಯ 'ಆಫ್'ಗೆ ಬರೋಣ. ಸ್ವಿಚ್ಚಿನ ಮೇಲೆ ಬರೆದಿರುವುದರಿಂದ 'ಆಫ್' ಎಂದರೆ ನಿಲ್ಲಿಸು ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಎರಡನೆಯ ಅರ್ಥ. ಮೊದಲನೆಯದು 'ಬೇರೆಯಾಗಿ', 'ಕಳಚಿ', 'ದೂರಕ್ಕೆ' ಎಂಬುದು. ಇಂಗ್ಲಿಷಿನ 'ಆಫ್' ಮತ್ತು 'ಆವ್' ಒಂದೇ ಹಳೆಯ ಪದ ಎರಡಾಗಿ ಒಡೆದದ್ದು. ಒತ್ತಿ ಹೇಳಿದ್ದು 'ಆಫ್' ಆಯಿತು. ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಸ್ವಿಚ್ಚಿನಲ್ಲೂ ನಡೆಯುವುದು ಬೇರ್ಪಡುವಿಕೆಯೇ. ಒಳಗಿನ ಎರಡು ಲೋಹದ ತುದಿಗಳು ದೂರ ಸರಿಯುತ್ತವೆ, ಮಂಡಲ ಕಡಿಯುತ್ತದೆ, ದೀಪ ಆರುತ್ತದೆ. ಎಲೆಯಿಂದ ಆಮ್ಲಜನಕ ಕಳಚಿ ದೂರ ಹೋಗುವಂತೆ ಕೊಡುವುದು 'ಗಿವ್ ಆಫ್'. ಕುದಿಸಿ ನೀರನ್ನು ಆವಿಯಾಗಿ ಹೊರಗಟ್ಟುವುದು 'ಬಾಯ್ಲ್ ಆಫ್'. ಮೈಯಿಂದ ಕಂಬಳಿಕೊಪ್ಪೆ ತೆಗೆಯುವುದು 'ಟೇಕ್ ಆಫ್'. ವಿಮಾನ ನೆಲ ಬಿಡುವುದೂ 'ಟೇಕ್ ಆಫ್'. ಕೊಂಬೆ ಕತ್ತರಿಸಿದರೆ 'ಕಟ್ ಆಫ್'. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ಮೂಡಿಗೆರೆಗೂ ಕರಾವಳಿಗೂ ಆ ದಾರಿಯ ಸಂಪರ್ಕ 'ಕಟ್ ಆಫ್' ಆಗಿತ್ತು. ಸಿಇಟಿ ಸೀಟು ಹಂಚಿಕೆಯ 'ಕಟ್‌ಆಫ್' ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿಯೂ ಒಂದು ಗೆರೆ, ಆಚೆಯವರು ಬೇರೆ, ಈಚೆಯವರು ಬೇರೆ.

ಚಮತ್ಕಾರ ಹೆಚ್ಚು ಕಾಣುವುದು 'ಗೋ ಆಫ್'ನಲ್ಲಿ. ಲೈಟ್ 'ವೆಂಟ್ ಆಫ್' ಎಂದರೆ ದೀಪ ಹೋಯಿತು. ಅಲಾರಂ 'ವೆಂಟ್ ಆಫ್' ಎಂದರೆ ಗಂಟೆ ಹೊಡೆಯತೊಡಗಿತು! ಒಂದು ನಿಂತದ್ದು, ಇನ್ನೊಂದು ಶುರುವಾದದ್ದು. ಬಂದೂಕು, ಪಟಾಕಿಗಳೂ ಅಲಾರಮ್ಮಿನ ಗುಂಪಿಗೆ ಸೇರಿದವು; ಹಿಡಿದಿಟ್ಟದ್ದು ಕಳಚಿಕೊಂಡು ಸಿಡಿಯುವುದು ಅಲ್ಲಿಯ ಚಿತ್ರ. ಬ್ರಿಟಿಷರು ಹಾಲು 'ವೆಂಟ್ ಆಫ್' ಎಂದರೆ ಕೆಟ್ಟುಹೋಯಿತು ಎಂದರ್ಥ. ನಮ್ಮಲ್ಲೂ 'ಹೋಗು' ಸೇರಿಯೇ ಕರೆಂಟು ಹೋಗುತ್ತದೆ, ಹಾಲು ಕೆಟ್ಟುಹೋಗುತ್ತದೆ, ಪಾಠ ಮರೆತುಹೋಗುತ್ತದೆ.

'ಪುಟ್ ಆಫ್' ಮತ್ತು 'ಕಾಲ್ ಆಫ್' ನನಗೆ ಪಾಠ ಕಲಿಸಿದ ಜೋಡಿ. ಕೆಲಸಕ್ಕೆ ಸೇರಿದ ಹೊಸತು. ಹಿರಿಯರೊಬ್ಬರ ಸಂದರ್ಶನ 'ಪುಟ್ ಆಫ್' ಆಗಿದೆ, ಮುಂದಿನ ವಾರ ಅದೇ ದಿನ ಅದೇ ಹೊತ್ತಿಗೆ ಎಂಬ ಚೀಟಿ ಬಂತು. ಮೊದಲೆರಡು ಪದ ಓದಿ, ರದ್ದಾಯಿತೆಂದು ತಿಳಿದು, ಚೀಟಿಯನ್ನು ಮಡಿಸಿ ಜೇಬಿಗಿಟ್ಟೆ. ಕ್ಯಾಮೆರಾದವರಿಗೂ ಹಾಗೆಯೇ ಹೇಳಿದೆ. ಮುಂದಿನ ವಾರ ಆ ಹಿರಿಯರು ಮಗನ ಕೈಹಿಡಿದುಕೊಂಡು ದೂರದೂರಿನಿಂದ ಬಂದರು. ಸ್ಟುಡಿಯೋ ಖಾಲಿ. ಅವರು ಕೋಪಿಸಿಕೊಳ್ಳಲಿಲ್ಲ, ಕಾಫಿ ಕುಡಿದು ಹೊರಟರು. ಮತ್ತೆ ಬರುವಷ್ಟು ಆರೋಗ್ಯ ಅವರಿಗಿರಲಿಲ್ಲ, ಆ ಸಂದರ್ಶನ ಆಗಲೇ ಇಲ್ಲ. 'ಪುಟ್ ಆಫ್' ಎಂದರೆ ಮುಂದೂಡು, 'ಕಾಲ್ ಆಫ್' ಎಂದರೆ ರದ್ದುಮಾಡು. ಬೆಂಕಿ ಆರಿಸುವುದು ಇವೆರಡೂ ಅಲ್ಲ, ಅದು 'ಪುಟ್ ಔಟ್'. ಇನ್ನೂ ಒಂದು ವಿಷಯ. ಮುಂದೂಡಬಹುದಾದದ್ದು ಸಭೆ, ಪರೀಕ್ಷೆ, ಮದುವೆ. 'ಪುಟ್ ಆಫ್' ಆದದ್ದು ಮನುಷ್ಯನಾದರೆ ಅರ್ಥ ಬದಲಾಗುತ್ತದೆ. ಪಲ್ಪರ್ ಮನೆಯ ನೀರಿನ ಹುಳಿನಾತ ಪ್ರವಾಸಿಗಳನ್ನು 'ಪುಟ್ ಆಫ್' ಮಾಡಿತು ಎಂದರೆ ಅವರಿಗೆ ಮುಜುಗರವಾಗಿ ಹಿಂದೆ ಸರಿದರು ಎಂದು. ಆದ್ದರಿಂದ ಜೋಡಿಯನ್ನು ಮಾತ್ರ ನೋಡಬೇಡಿ, ಅದು ಯಾರ ಮೇಲೆ ಬಿದ್ದಿದೆ ಎಂಬುದನ್ನೂ ನೋಡಿ.

ತೋಟದ ಕೆಲಸದಲ್ಲಿ ಪುಟ್ಟ ಪದ ತಪ್ಪಿದರೆ ಅಂಕವಲ್ಲ, ಗಿಡವೇ ಹೋಗುತ್ತದೆ. ಹಳೆಯ ಕಾಫಿ ಗಿಡವನ್ನು 'ಕಟ್ ಬ್ಯಾಕ್' ಮಾಡಿ ಎಂದರೆ ಬುಡ ಉಳಿಸಿ ಕಸಿ ಮಾಡಿ, ಹೊಸ ಚಿಗುರು ಬರಲಿ ಎಂದು. 'ಕಟ್ ಡೌನ್' ಮಾಡಿ ಎಂದರೆ ಕಡಿದು ಉರುಳಿಸಿ ಎಂದು. ಮಳೆಗಾಲಕ್ಕೆ ಮೊದಲು ಮರಗಸಿ ಮಾಡುವಾಗ ಮರದ ಮೇಲಿರುವವನು ಮಾಡುವುದು 'ಕಟ್ ಆಫ್'. ನೆರಳಿನ ಕೊಂಬೆಗಳು ಹೋಗುತ್ತವೆ, ಮರ ನಿಲ್ಲುತ್ತದೆ. ಕನ್ನಡದಲ್ಲಿ ಈ ಮೂರಕ್ಕೂ ಒಂದೇ 'ಕಡಿ' ಎಂದು ಯಾವ ಮೇಸ್ತ್ರಿಯೂ ಹೇಳುವುದಿಲ್ಲ. ಗಿಡಗಸಿ ಬೇರೆ, ಮರಗಸಿ ಬೇರೆ, ಕಡಿದುಹಾಕುವುದು ಬೇರೆ.

ಇಲ್ಲೊಂದು ಸ್ವಾರಸ್ಯವಿದೆ. ಕನ್ನಡವು ಬೇರೆ ಬೇರೆ ಕ್ರಿಯಾಪದಗಳನ್ನು ಇಟ್ಟುಕೊಂಡ ಕಡೆ ಇಂಗ್ಲಿಷು ಒಂದನ್ನೇ ಇಟ್ಟುಕೊಂಡು ಬಾಲ ಬದಲಾಯಿಸುತ್ತದೆ. ಮಳೆಯಲ್ಲಿ ನೆನೆದು ಬಂದವನ ಮೈ ಆರುತ್ತದೆ. ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತದೆ. ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ. ಆರು, ಒಣಗು, ಬತ್ತು. ಇಂಗ್ಲಿಷಿನಲ್ಲಿ ಮೂರಕ್ಕೂ 'ಡ್ರೈ' ಒಂದೇ ಗತಿ. ಹಾಗಾಗಿ ಮೇಲ್ಮೈಯ ಒದ್ದೆ ಕಳಚಿದರೆ 'ಡ್ರೈ ಆಫ್', ಒಳಗಿನ ತೇವ ಹೊರಬಂದರೆ 'ಡ್ರೈ ಔಟ್', ಇದ್ದ ನೀರೆಲ್ಲ ಮುಗಿದರೆ 'ಡ್ರೈ ಅಪ್'. ಕಾಫಿ ಬೀಜದ ತೇವ ನೂರಕ್ಕೆ ಸುಮಾರು 10ಕ್ಕೆ ಇಳಿಯುವವರೆಗೆ ಕಣದಲ್ಲಿ ನಡೆಯುವುದು ಈ ನಡುವಿನದು. ಮೂರನೆಯದಕ್ಕೆ ನಮ್ಮ ಕಸುಬಿನಲ್ಲಿ ಇನ್ನೊಂದು ಬಳಕೆಯೂ ಇದೆ. ಚೆನ್ನಾಗಿ ಮಾತನಾಡಬಲ್ಲ ಅತಿಥಿಗಳು ಕೆಂಪು ದೀಪ ಹತ್ತಿದೊಡನೆ ಮಾತು ಮರೆತು ಕೂತುಬಿಡುತ್ತಾರಲ್ಲ, ಅದು 'ಡ್ರೈ ಅಪ್'. ನಾವೂ 'ಬಾಯಿ ಒಣಗಿತು' ಎನ್ನುತ್ತೇವೆ.

'ಪಿಕ್ ಅಪ್' ಅಂತೂ ಈ ಗುಡ್ಡಗಳಲ್ಲಿ ಕನ್ನಡವೇ ಆಗಿಹೋಗಿದೆ. ಬೆಳಿಗ್ಗೆ ಲೈನುಮನೆಗಳ ಮುಂದೆ, ಬಸ್ ನಿಲ್ದಾಣದ ಬಳಿ ಆಳುಗಳನ್ನು ಹತ್ತಿಸಿಕೊಂಡು ತೋಟಗಳಿಗೆ ಹೋಗುವ ಗಾಡಿಗೆ ಪಿಕಪ್ ಎಂದೇ ಹೆಸರು. ಗಾಡಿ ಬೀಳುತ್ತದೆ ಎಂಬಂತೆ ಜನ ತುಂಬಿರುತ್ತಾರೆ, ಅದು ಬೇರೆ ಮಾತು. ನಾಮಪದವಾದಾಗ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ, ಎರಡೂ ಅಂಟಿಕೊಂಡಿರುತ್ತವೆ. ಕ್ರಿಯಾಪದವಾದಾಗ ಎರಡು ಬಿಡಿ ಪದ, ಒತ್ತು ಸಾಮಾನ್ಯವಾಗಿ 'ಅಪ್' ಮೇಲೆ. ಹಣ್ಣು ಕೀಳುವುದು ಬರೀ 'ಪಿಕ್'. ಉದುರಿದ ಹಣ್ಣನ್ನು ನೆಲದಿಂದ ಹೆಕ್ಕುವುದು 'ಪಿಕ್ ಅಪ್'. ರಾಶಿಯಿಂದ ಕರಿಬೀಜ ಆರಿಸಿ ತೆಗೆಯುವುದು 'ಪಿಕ್ ಔಟ್'. ಲೈನಿನ ಮಕ್ಕಳ ಜೊತೆ ಆಡುತ್ತ ಯಾರೂ ಪಾಠ ಹೇಳದೆ ತುಳು ಕಲಿತ ಹುಡುಗ ಆ ಭಾಷೆಯನ್ನು 'ಪಿಕ್ ಅಪ್' ಮಾಡಿದ. ಬಿದ್ದ ಧಾರಣೆ ಚೇತರಿಸಿಕೊಂಡರೆ 'ಪಿಕ್ ಅಪ್'. ನಮ್ಮ ಮೈಕು ಭಾಷಣಕಾರರ ದನಿಗಿಂತ ಮೊದಲು ಜೀರುಂಡೆಯ ಸದ್ದನ್ನು ಹಿಡಿದರೆ ಅದೂ 'ಪಿಕ್ ಅಪ್'. ಎಲ್ಲದರಲ್ಲೂ ಎತ್ತಿಕೊಳ್ಳುವ, ಏಳುವ ಒಂದು ಚಿತ್ರವಿದೆ. ಗಮನಿಸಿ: ಹೆಕ್ಕಿಕೊ, ಹತ್ತಿಸಿಕೊ, ಕಲಿತುಕೊ, ಚೇತರಿಸಿಕೊ ಎಂದು ನಾವು ಬಳಸುವ 'ಕೊಳ್ಳು' ಅದರ ಪಕ್ಕದಲ್ಲೇ ನಿಲ್ಲುತ್ತದೆ.

ವ್ಯಾಕರಣದ ಒಂದು ಮಾತು ಹೇಳಲೇಬೇಕು. ದೀಪದ ವಿಷಯದಲ್ಲಿ 'ಸ್ವಿಚ್ ಆಫ್ ದ ಲೈಟ್' ಎಂದರೂ ಸರಿ, 'ಸ್ವಿಚ್ ದ ಲೈಟ್ ಆಫ್' ಎಂದರೂ ಸರಿ. ಆದರೆ ದೀಪದ ಬದಲು 'ಇಟ್' ಬಂದರೆ ಅದು ನಡುವೆಯೇ ಕೂರಬೇಕು: 'ಸ್ವಿಚ್ ಇಟ್ ಆಫ್'. 'ಸ್ವಿಚ್ ಆಫ್ ಇಟ್' ತಪ್ಪು. 'ಲುಕ್ ಆಫ್ಟರ್' ಥರದವು ಇದಕ್ಕೆ ಒಗ್ಗುವುದಿಲ್ಲ; ಅಲ್ಲಿ 'ಲುಕ್ ಆಫ್ಟರ್ ಇಟ್' ಎಂದೇ ಹೇಳಬೇಕು, ಜೋಡಿ ಬಿಡಿಸಲು ಬಾರದು. ಯಾವುದು ಬಿಡಿಸಬಹುದಾದದ್ದು ಎಂಬುದನ್ನು ಕಲಿಯುವವರಿಗಾಗಿ ಮಾಡಿದ ನಿಘಂಟುಗಳು ಉದಾಹರಣೆ ಸಮೇತ ತೋರಿಸುತ್ತವೆ. ನಿಘಂಟಿನಲ್ಲಿ ಹುಡುಕುವಾಗ 'ಆಫ್' ಕೆಳಗಲ್ಲ, ಮುಖ್ಯ ಕ್ರಿಯಾಪದದ ಕೆಳಗೆ ನೋಡಿ. ಟಿಪ್ಪಣಿ ಬರೆದುಕೊಳ್ಳುವಾಗ ಮಾತ್ರ ಇದನ್ನು ತಿರುಗಿಸಿ: ಆಫ್‌ಗೆ ಒಂದು ಹಾಳೆ, ಅಪ್‌ಗೆ ಒಂದು ಹಾಳೆ. ಬರೀ ಜೋಡಿ, ಅದರ ಮುಂದೆ ಅರ್ಥ ಎಂದು ಬರೆಯಬೇಡಿ. ಇಡೀ ವಾಕ್ಯ ಬರೆಯಿರಿ, ಅದರಲ್ಲಿ ನಿಮ್ಮೂರಿನ ವಸ್ತುವೊಂದು ಇರಲಿ. ಇನ್ನೂರು ಜೋಡಿಗಳ ಪಟ್ಟಿ ಕೊಟ್ಟು ನಾಳೆ ಒಪ್ಪಿಸಿ ಎನ್ನುವ ಮಾರ್ಗದರ್ಶಿಗಳ ಮೇಲೆ ನನಗೆ ನಂಬಿಕೆಯಿಲ್ಲ.

ನಮ್ಮ ವಿದ್ಯಾರ್ಥಿಗಳಿಗೆ 'ಪೋಸ್ಟ್‌ಪೋನ್' ಗೊತ್ತು, 'ಪುಟ್ ಆಫ್' ಗೊತ್ತಿಲ್ಲ. 'ಟಾಲರೇಟ್' ಗೊತ್ತು, 'ಪುಟ್ ಅಪ್ ವಿತ್' ಗೊತ್ತಿಲ್ಲ. ಲ್ಯಾಟಿನ್ ಮೂಲದ ಉದ್ದನೆಯ ಪದಗಳು ಪುಸ್ತಕದಿಂದ ನಮಗೆ ಬಂದವು. ಪುಟ್ಟ ಜೋಡಿಗಳು ಅವರ ಅಡುಗೆಮನೆ, ಅಂಗಳದ ಮಾತು. ಅವು ಪುಸ್ತಕದಲ್ಲಿ ಕಡಿಮೆ, ಬಾಯಲ್ಲಿ ಹೆಚ್ಚು. ನಮ್ಮ ಮುಂದೂಡು ಎಂಬುದೂ 'ಮುಂದೆ' ಮತ್ತು 'ದೂಡು' ಸೇರಿದ ಜೋಡಿಯೇ ಅಲ್ಲವೇ? ನಾವು ಭಾರತೀಯರು ಇಂಗ್ಲಿಷಿಗೆ ನಮ್ಮದೇ ಸೇರ್ಪಡೆಗಳನ್ನೂ ಮಾಡಿದ್ದೇವೆ. 'ಕೋಪ್ ವಿತ್' ಸಾಕಾಗುವಲ್ಲಿ 'ಕೋಪ್ ಅಪ್ ವಿತ್' ಎನ್ನುತ್ತೇವೆ. ಕಾಲೇಜು ಮುಗಿಸಿದೆ ಎನ್ನಲು 'ಪಾಸ್ ಔಟ್' ಎನ್ನುತ್ತೇವೆ. ಸೈನಿಕ ಶಾಲೆಗಳಲ್ಲಿ ಅದು ಸರಿಯೇ, ಆದರೆ ಹೊರದೇಶದ ಸಂದರ್ಶನದಲ್ಲಿ ಹಾಗೆಂದರೆ ಎದುರಿಗಿರುವವರು 'ಪ್ರಜ್ಞೆ ತಪ್ಪಿ ಬಿದ್ದೆ' ಎಂದು ಅರ್ಥಮಾಡಿಕೊಂಡಾರು.

ಮೂಡಿಗೆರೆಯಲ್ಲಿದ್ದು ಬರೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನರ ಶಿಕಾರಿ ಅನುಭವಗಳನ್ನು 'ಕಾಡಿನ ಕಥೆಗಳು' ಮಾಲಿಕೆಯಲ್ಲಿ ಕನ್ನಡಕ್ಕೆ ತಂದರು. ಶಿಕಾರಿಯ ಇಂಗ್ಲಿಷಿನಲ್ಲಿ ಇಂತಹ ಜೋಡಿಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಮಂಜಿನಲ್ಲಿ ಪ್ರಾಣಿಯ ಆಕಾರವನ್ನು ಕಷ್ಟಪಟ್ಟು ಗುರುತಿಸಿದರೆ 'ಮೇಕ್ ಔಟ್', ಅದು ಪೊದೆಯೊಳಗೆ ಪರಾರಿಯಾದರೆ 'ಮೇಕ್ ಆಫ್'. 'ಮಾಡು' ಎಂಬ ಅರ್ಥ ಎರಡರಲ್ಲೂ ಇಲ್ಲ. ಆ ಪುಸ್ತಕಗಳನ್ನು ನೀವು ಕನ್ನಡದಲ್ಲಿ ಓದಿದ್ದರೆ ಒಮ್ಮೆ ಇಂಗ್ಲಿಷ್ ಮೂಲವನ್ನು ತಂದು ಓದಿ. ಕತೆ ಮೊದಲೇ ಗೊತ್ತಿರುವುದರಿಂದ ಪುಟ್ಟ ಪದಗಳು ಮುಗ್ಗರಿಸುವಂತೆ ಮಾಡುವುದಿಲ್ಲ.

ಕಳಸದಲ್ಲಿ ಅಂದು ಮಧ್ಯಾಹ್ನದ ಹೊತ್ತಿಗೆ ಮಳೆ ಹಿಡಿಯಿತು. ಇಂಗ್ಲಿಷಿನಲ್ಲಿ 'ಸೆಟ್ ಇನ್'. ಬಿಡುವ ಲಕ್ಷಣ, ಅಂದರೆ 'ಲೆಟ್ ಅಪ್', ಕಾಣಲಿಲ್ಲ. ಕರೆಂಟು ಹೋಗಿತ್ತು. ಕ್ಯಾಮೆರಾದ ಬ್ಯಾಟರಿಯೂ ಮುಗಿಯಿತೆಂದು ನಮ್ಮವರು ಕೈಸನ್ನೆ ಮಾಡಿದರು. ಹಿಂದಿನ ಬೆಂಚಿನ ಹುಡುಗನೊಬ್ಬ "ಸಾರ್, ಬ್ಯಾಟರಿ ರನೌಟ್!" ಎಂದು ಕೂಗಿ ಎಲ್ಲರನ್ನೂ ನಗಿಸಿದ. ಜೀವಶಾಸ್ತ್ರದ ಹುಡುಗಿ ಮಾತ್ರ ನಗದೆ ಸ್ವಲ್ಪ ಯೋಚಿಸಿ ಹೇಳಿದಳು: "ಬ್ಯಾಟರಿ 'ರ‍್ಯಾನ್ ಔಟ್', ತಾನಾಗಿ ಮುಗೀತು. ಬ್ಯಾಟ್ಸ್‌ಮನ್ 'ವಾಸ್ ರನ್ ಔಟ್', ಅವನನ್ನ ಬೇರೆಯವರು ಔಟ್ ಮಾಡಿದ್ರು. ಅಲ್ವಾ ಸಾರ್?"

ಸರಿಯಾಗಿಯೇ ಹೇಳಿದ್ದಳು. ಅದನ್ನು ಸೆರೆಹಿಡಿಯಲು ಬ್ಯಾಟರಿ ಇರಲಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.